ಸೀರೆಯ ಮರೆ ಹಿಡಿದವರು

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ ಅಂದ ಕೂಡಲೇ ನೀವೆಲ್ಲ ಆರಾಮಾಗಿ ಕಂಬಕ್ಕೆ ಒರಗಿ ಕೂರುತ್ತೀರಿ. ಅದು ಸಾಹುಕಾರನ ಕಥೆ, ತಪ್ಪು ಅವನದು, ಬುದ್ಧಿ ಬರಬೇಕಾದದ್ದೂ ಅವನಿಗೆ ಅಂತ. ಇವತ್ತು ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ, ತಾಯಂದಿರೇ. ಸಾಹುಕಾರ ಈ ಕಥೆಯಲ್ಲಿ ಇದ್ದಾನೆ, ಆದರೆ ಪಡಸಾಲೆಯಲ್ಲಿ ಫೋನು ಹಿಡಿದುಕೊಂಡು ನಿಂತಿದ್ದಾನೆ. ಕಥೆ ನಡೆಯುವುದು ಒಳಗೆ.

ಅವನ ತಾಯಿ ಗುರುಸಿದ್ದವ್ವ. ಊರವರ ಬಾಯಲ್ಲಿ ಸಿದ್ದವ್ವ. ಎಂಥ ತಾಯಿ? ಲಿಂಗಪೂಜೆ ಆಗದೆ ಒಂದು ಗುಟುಕು ಚಹಾ ಕುಡಿದವಳಲ್ಲ. ಗಂಡ ಹಾಸಿಗೆ ಹಿಡಿದು ಮಲಗಿದಾಗ ಅವನ ಬಾಯಿಗೆ ಗಂಜಿ ಹಾಕುತ್ತ ಹಾಕುತ್ತ, ಇತ್ತ ಮಗನನ್ನು ಬೆಳೆಸಿ, ಮೆಣಸಿನಕಾಯಿ ವ್ಯಾಪಾರಕ್ಕೆ ಹಚ್ಚಿದಳು. ಇಂಥ ತಾಯಂದಿರು ನಮ್ಮಲ್ಲಿ ಬಹಳ ಇದ್ದಾರೆ, ಅದಕ್ಕೇ ಊರು ಊರಾಗಿ ಉಳಿದಿದೆ. ಆದರೆ ಸಿದ್ದವ್ವ ಇನ್ನೊಂದು ಕೆಲಸ ಮಾಡುತ್ತಿದ್ದಳು. ಅದನ್ನು ಆ ಊರಲ್ಲಿ ಬೇರೆ ಯಾರೂ ಮಾಡುತ್ತಿರಲಿಲ್ಲ.

ಯಾವ ಮನೆಯಲ್ಲಿ ಹೆಣ್ಣುಮಗಳು ಲಿಂಗೈಕ್ಯಳಾದರೂ, ಅಳು ಏಳುವ ಮೊದಲೇ ಒಂದು ಮಾತು ಏಳುತ್ತಿತ್ತು: "ಸಿದ್ದವ್ವನ್ನ ಕರೀರಿ." ಅವಳು ಬರುತ್ತಿದ್ದಳು. ಸೆರಗು ಸೊಂಟಕ್ಕೆ ಸಿಗಿಸುತ್ತಿದ್ದಳು. ದೇಹಕ್ಕೆ ಬಿಸಿನೀರು ಎರೆದು, ಒರೆಸಿ, ವಿಭೂತಿ ಹಚ್ಚಿ, ಸೀರೆ ಉಡಿಸಿ, ಕಾಲು ಮಡಚಿ, ಗೋಡೆಗೆ ಆನಿಸಿ ಕೂರಿಸುತ್ತಿದ್ದಳು. ನೋಡಿ, ನಾವು ನಮ್ಮವರನ್ನು ಮಲಗಿಸಿ ಕಳಿಸುವುದಿಲ್ಲ. ಪೂಜೆಗೆ ಕೂತಂತೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು ಕಳಿಸುತ್ತೇವೆ. ಹೊತ್ತು ಮೀರಿದರೆ ಮೈ ಸೆಟೆದುಕೊಳ್ಳುತ್ತದೆ, ಆಮೇಲೆ ಕೂರಿಸಲು ಬರುವುದಿಲ್ಲ. ಆ ಹೊತ್ತನ್ನು ಹಿಡಿಯುವ ಕೈ ಊರಿಗೆಲ್ಲ ಅದೊಂದೇ.

ಉಳಿದ ಹೆಂಗಸರು ಏನು ಮಾಡುತ್ತಿದ್ದರು? ಸುತ್ತ ಸೀರೆಯ ಮರೆ ಹಿಡಿದು ನಿಲ್ಲುತ್ತಿದ್ದರು. ಮುಖ ಹೊರಗೆ, ಬೆನ್ನು ಒಳಗೆ. ಮರ್ಯಾದೆಗೆ ಅಂತ ಹೇಳುತ್ತಿದ್ದರು. ಮರ್ಯಾದೆಯೂ ಇತ್ತು, ಅಂಜಿಕೆಯೂ ಇತ್ತು. ಅಂಜಿಕೆಯೇ ಒಂದು ಹಿಡಿ ಹೆಚ್ಚಿತ್ತು ಅಂದರೆ ಸಿಟ್ಟಾಗಬೇಡಿ.

ಸಾಹುಕಾರನ ಹೆಂಡತಿ ಶಶಿಕಲಾ. ಕೆಟ್ಟವಳಲ್ಲ. ಅತ್ತೆಗೆ ಎದುರಾಡಿದವಳಲ್ಲ. ಆದರೆ ಅತ್ತೆ ಸತ್ತವರ ಮನೆಯಿಂದ ಬಂದ ದಿನ ಹಿತ್ತಲಲ್ಲಿ ಬಿಸಿನೀರು ಇಟ್ಟು, ಬಾಗಿಲಲ್ಲೇ ನಿಲ್ಲುತ್ತಿದ್ದಳು.

"ಅತ್ತಿ, ಮೊದಲ ಎರಕೊಂಡು ಒಳಗ ಬರ್ರಿ. ನಿಮ್ಮ ತಾಟು ಹೊರಗ ಇಟ್ಟೀನಿ."

"ಸೂತಕ ಇಲ್ಲ ಅಂತ ನಮ್ಮ ಶರಣರು ಹೇಳ್ಯಾರ ಅಂತ ನೀನ ಭಜನ್ಯಾಗ ಗಂಟಲ ಹರಕೊಂಡು ಹಾಡ್ತಿಯಲ್ಲ ತಂಗಿ?"

"ಹಾಡೂದು ಬ್ಯಾರೆ ಅತ್ತಿ."

"ಹೌದವಾ, ಹಾಡೂದು ಬ್ಯಾರೆ," ಅಂತ ಸಿದ್ದವ್ವ ನಕ್ಕು ಹಿತ್ತಲಿಗೆ ಹೋಗುತ್ತಿದ್ದಳು. "ಹೋಗ್ಲಿ ಬಿಡು, ಬಿಸಿನೀರರ ಸಿಕ್ಕವಲ್ಲ." ಸೊಸೆ ಕಾಯಿಸಿಟ್ಟ ನೀರಿನ ಬಗ್ಗೆ ಒಂದು ಕಹಿ ಮಾತಿಲ್ಲ. ಯಾರಿಗೂ ಇಲ್ಲ. ಊರೆಲ್ಲ ಹೀಗೇ ಇತ್ತು ನೋಡಿ: ಅವಳ ಕೈ ಬೇಕು, ಆ ಕೈ ಮುಟ್ಟಿದ ತಾಟು ಬೇಡ.

ಒಂದು ದಿನ ಬೆಳಗ್ಗೆ ಸಿದ್ದವ್ವ ಏಳಲಿಲ್ಲ. ಶಶಿಕಲಾ ಹೋಗಿ ಮುಟ್ಟಿದಾಗ ಮೈ ಇನ್ನೂ ಬೆಚ್ಚಗಿತ್ತು, ಉಸಿರು ಇರಲಿಲ್ಲ. ಓಣಿ ಕೂಡಿತು. ಪಕ್ಕದ ಮನೆಯ ಕಲ್ಲವ್ವಜ್ಜಿ ಕೋಲು ಊರಿಕೊಂಡು ಬಂದಳು. ಹಣೆ ಮುಟ್ಟಿ ನೋಡಿದಳು, ಕಣ್ಣು ಒರೆಸಿಕೊಂಡಳು, ತಿರುಗಿ ಎಲ್ಲರನ್ನೂ ಗದರಿದಳು:

"ಹಿಂಗ ನಿಂತ್ರ ಹೆಂಗ? ಹೊತ್ತಾಕ್ಕೈತಿ. ಸಿದ್ದವ್ವನ್ನ ಕರೀರಿ!"

ಅಜ್ಜಿ ತಾನಾಡಿದ ಮಾತು ತಾನೇ ಕೇಳಿಸಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡಳು.

ಮುಂದೇನಾಯಿತು? ಬಚ್ಚಲ ಒಲೆಗೆ ಉರಿ ಹಾಕಿದರು. ದೇಹವನ್ನು ಮಣೆಯ ಮೇಲೆ ಇಳಿಸಿದರು. ಹೆಂಗಸರು ರೂಢಿಯಂತೆ ಮಡಚಿಟ್ಟ ಸೀರೆಗಳನ್ನು ಬಿಚ್ಚಿ ಸುತ್ತ ಮರೆ ಹಿಡಿದರು. ಮುಖ ಹೊರಗೆ, ಬೆನ್ನು ಒಳಗೆ. ನಿಂತರು. ನಿಂತೇ ಇದ್ದರು. ಹಂಡೆಯಲ್ಲಿ ನೀರು ಕುದಿಯಿತು, ನೀರು ಹೊಯ್ದ ಸದ್ದು ಮಾತ್ರ ಇಲ್ಲ. ಯಾಕೆ? ಮರೆಯ ಒಳಗೆ ಸಿದ್ದವ್ವನನ್ನು ಬಿಟ್ಟರೆ ಯಾರೂ ಇರಲಿಲ್ಲ! ಒಬ್ಬರು ಹೋಗಿರಬೇಕು ಅಂತ ಇನ್ನೊಬ್ಬರು, ಅವರು ಹೋಗಿರಬೇಕು ಅಂತ ಇವರು.

"ನೀ ಹೋಗ ಯಕ್ಕಾ, ನಿನ್ನ ಕೈ ಗಟ್ಟಿ."

"ನನಗ ಬಿಪಿ ಐತಿ ತಂಗಿ. ನೀನ ಹೋಗವಾ."

"ನಾ ಸೀರಿ ಹಿಡದೀನಲ್ಲವಾ!"

ಅಷ್ಟರಲ್ಲಿ ಸಾಹುಕಾರ ಬಾಗಿಲಿಗೆ ಬಂದ. ಅವನೂ ಕೆಟ್ಟವನಲ್ಲ. ತಾಯಿಯನ್ನು ಪ್ರೀತಿಸುವವನೇ. ಆಗಲೇ ಸರ್ಕಲ್ಲಿಗೆ ದೊಡ್ಡ ಫ್ಲೆಕ್ಸ್ ಹೇಳಿದ್ದ, ಹೊಲದ ದಾರಿಗೆ ತಾಯಿಯ ಹೆಸರಿನ ಕಮಾನು ಕಟ್ಟಿಸುವ ಮಾತಾಡಿದ್ದ.

"ಪ್ಯಾಟಿಂದ ಫ್ರೀಜರ್ ಪೆಟ್ಟಿಗಿ ಬರಾಕತ್ತೈತಿ," ಅಂದ. "ಮಧ್ಯಾನ್ನ ಊಟದ ಹೊತ್ತಿಗೆ ಮುಟ್ಟತೈತಿ. ಎರಿಯೂದು, ಉಡಸೂದು ಎಲ್ಲಾ ಪೆಟ್ಟಿಗಿ ತರೋರ ಮಾಡ್ತಾರ. ನೀವು ಯಾರೂ ತ್ರಾಸ ತಗೋಬ್ಯಾಡ್ರಿ."

"ಬರೋರು ಗಂಡಸರೇನ್ರಿ?" ಶಶಿಕಲಾ ಕೇಳಿದಳು.

"ಯಾರರ ಇರ್ತಾರ."

"ಅಷ್ಟೊತ್ತಿಗೆ ಅತ್ತಿನ ಕುಂದ್ರಸಾಕ ಬರತೈತೇನ್ರಿ?"

ಅವನು ಆಚೆ ನೋಡಿದ. "ಬರದಿದ್ರ ಮಲಗಿಸಿ ಒಯ್ಯೂಣು. ಈಗೆಲ್ಲಾ ನಡೀತೈತಿ."

ಶಶಿಕಲಾ ಮರೆಯ ಸಂದಿಯಿಂದ ಅತ್ತೆಯ ಮುಖ ನೋಡಿದಳು. ದಿನಾ ಬೆಳಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ನೆಟ್ಟಗೆ ಕೂರುತ್ತಿದ್ದ ಆ ಮುಖ. ಊರಿನ ಎಷ್ಟು ತಾಯಂದಿರನ್ನು ಇವಳು ಕೂರಿಸಿ ಕಳಿಸಿದಳು! ಈಗ ಇವಳೊಬ್ಬಳು, ಗುರುತಿಲ್ಲದ ಗಂಡಸರ ಕೈಯಲ್ಲಿ, ಪೆಟ್ಟಿಗೆಯೊಳಗೆ ಅಂಗಾತ ಹೋಗಬೇಕೇ? ಶಶಿಕಲಾ ಸೆರಗು ಸೊಂಟಕ್ಕೆ ಸಿಗಿಸಿದಳು, ತಲೆ ಬಗ್ಗಿಸಿ ಮರೆಯ ಒಳಗೆ ಹೊಕ್ಕಳು.

ಹೊಕ್ಕ ಮೇಲೆ? ಎಲ್ಲಿಂದ ಶುರು ಮಾಡಬೇಕು, ಗೊತ್ತಿಲ್ಲ. ಯಾವತ್ತೂ ನೋಡಿಲ್ಲ. ಚೊಂಬು ಹಿಡಿದು ಹಾಗೇ ನಿಂತಳು. ಆಗ ಅವಳಿಗೆ ಒಂದು ನೆನಪಾಯಿತು. ತವರಲ್ಲಿ ತಾಯಿಯಿಲ್ಲದ ಅವಳ ಬಾಣಂತನ ಮಾಡಿದವಳು ಇದೇ ಅತ್ತೆ. ನೀರನ್ನು ಮೊದಲು ತನ್ನ ಮುಂಗೈ ಮೇಲೆ ಹೊಯ್ದು ನೋಡುತ್ತಿದ್ದಳು. ಪಾದದಿಂದ ಶುರು. ಆಮೇಲೆ ಮೊಣಕಾಲು, ಸೊಂಟ, ಬೆನ್ನು. ತಲೆ ಕಡೆಗೆ. ಎರೆಯುತ್ತ ಎರೆಯುತ್ತ, "ಹಗುರಾತೇನವಾ?" ಅಂತ ಕೇಳುತ್ತಿದ್ದಳು.

ಶಶಿಕಲಾ ತನ್ನ ಮುಂಗೈ ಮೇಲೆ ನೀರು ಹೊಯ್ದು ನೋಡಿದಳು. ಪಾದದಿಂದ ಶುರು ಮಾಡಿದಳು.

ಆದರೆ ಬೆನ್ನು ಎತ್ತಲು ಒಬ್ಬಳ ಕೈಲಿ ಆಗಲಿಲ್ಲ. ಸುತ್ತ ನೋಡಿದಳು. ಎಲ್ಲ ಬೆನ್ನುಗಳೇ.

"ಮಾರಿ ಈ ಕಡೆ ತಿರುವ್ರಿ," ಅಂದಳು.

"ಏನ ಮಾತಾಡ್ತಿಯವಾ? ಮರ್ಯಾದಿ ಬ್ಯಾಡೇನು?"

"ಹೊರಗಿನೋರ ಕಣ್ಣಿಗೆ ಮರಿ ಹಿಡೀರಿ. ನೀವ್ಯಾರು ಹೊರಗಿನೋರು? ನಿಮ್ಮ ಅವ್ವಗ, ನಿಮ್ಮ ಅತ್ತಿಗೆ ಎರದಾಕಿ ಇಲ್ಲಿ ಮಲಗ್ಯಾಳ. ನಾಳೆ ನಿಮಗ ಯಾರು ಎರೀಬೇಕು? ತಿರುಗ್ರಿ ಅಂದೆ!"

ಕಲ್ಲವ್ವಜ್ಜಿ ಕೋಲಿನಿಂದ ನೆಲ ಕುಟ್ಟಿದಳು. "ತಿರುಗ್ರೇ! ಮುಂದಿನ ಪಾಳಿ ನಂದೈತಿ. ನನ್ನ ಪೆಟ್ಟಿಗ್ಯಾಗ ಹಾಕಿ ಕಳಿಸಬೇಕಂತ ಮಾಡೀರೇನು?"

ಅಳುವವರಿಗೂ ನಗು ಬಂತು. ಒಬ್ಬಳು ತಿರುಗಿದಳು, ಇನ್ನೊಬ್ಬಳು ತಿರುಗಿದಳು. ಬಿಪಿ ಇದ್ದವಳೇ ಮೊದಲು ಬಂದು ಭುಜಕ್ಕೆ ಕೈ ಕೊಟ್ಟಳು. ಬಲಗಾಲು ಮಡಚಲು ಬಂತು, ಎಡ ಮೊಣಕಾಲು ಬರಲಿಲ್ಲ. ಶಶಿಕಲಾ ಬಿಸಿನೀರು ಹೊಯ್ದಳು, ತಿಕ್ಕಿದಳು, ಮತ್ತೆ ಹೊಯ್ದಳು. "ಹಗುರಾತೇನ್ರಿ ಅತ್ತಿ?" ಅಂತ ಅವಳಿಗೇ ತಿಳಿಯದೆ ಬಾಯಿಂದ ಬಂತು. ಮೊಣಕಾಲು ಮೆಲ್ಲಗೆ ಮಡಚಿತು. ಒರೆಸಿ, ವಿಭೂತಿ ಹಚ್ಚಿ, ಸೀರೆ ಉಡಿಸಿದರು. ಸಿದ್ದವ್ವ ಗೋಡೆಗೆ ಆನಿಕೊಂಡು ಕೂತಳು. ಎಡ ಅಂಗೈಯಲ್ಲಿ ಲಿಂಗ ಕೂತಿತು.

ಸಾಹುಕಾರ ಒಳಗೆ ಬಂದು ನೋಡಿದ, ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಹೆಂಡತಿ ಅಂದಳು, "ಪೆಟ್ಟಿಗಿ ಬ್ಯಾಡ ಅಂತ ಹೇಳ್ರಿ. ಹಂಡೇದಾಗ ನೀರು ಮುಗದಾವು, ಕೊಡ ತಗೊಂಡು ಹೋಗ್ರಿ." ಅವನು ಫೋನು ಕಿಸೆಗೆ ಹಾಕಿ ಕೊಡ ಎತ್ತಿಕೊಂಡ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ನಿಮಗೆ ಹೇಳುತ್ತಿರಲಿಲ್ಲ. ಮುಂದಿನ ತಿಂಗಳು ಊರ ಆಚೆ ಕಡೆಯ ಒಂದು ಮನೆಯಲ್ಲಿ ಹೆಣ್ಣುಮಗಳು ತೀರಿಕೊಂಡಳು. ಜನ ಏನಂದರು? "ಶಶಿಕಲಾನ್ನ ಕರೀರಿ." ನೋಡಿದಿರಾ ನಮ್ಮ ಬುದ್ಧಿ! ಒಬ್ಬಳು ಹೋದರೆ ಇನ್ನೊಬ್ಬಳನ್ನು ಹಿಡಿದು ಮರೆಯ ಒಳಗೆ ತಳ್ಳಿ, ನಾವು ಮತ್ತೆ ಬೆನ್ನು ತಿರುಗಿಸುವುದು. ಶಶಿಕಲಾ ಕರೆಯಲು ಬಂದವರಿಗೆ ಅಂದಳು, "ಬರ್ತೀನಿ. ಆದ್ರ ನಾ ಒಬ್ಬಾಕಿ ಬರೂದಿಲ್ಲ. ಆ ಮನಿ ಸೊಸಿ ನನ್ನ ಕೂಡ ಕೂಡಬೇಕು. ಓಣಿಯಾಕಿ ಒಬ್ಬಾಕಿ ಕೂಡಬೇಕು. ಎರದಮ್ಯಾಲ ಆ ಮನಿ ತಾಟಿನಾಗ ನನಗ ಉಣ್ಣಾಕ ಹಾಕಬೇಕು." ಮತ್ತೆ ಹಾಗೇ ನಡೆಸಿದಳು, ಒಂದೊಂದು ಮನೆಯಲ್ಲೂ. ಕಮಾನು ಕಟ್ಟಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಈಗ ನಿಮ್ಮ ಕಡೆ ತಿರುಗುತ್ತೇನೆ. ಇವತ್ತು ನಾವು ಇಲ್ಲಿ ಕೂಡಿದ್ದು ನಮ್ಮೂರಿನ ಒಬ್ಬ ತಾಯಿಯ ಪುಣ್ಯಸ್ಮರಣೆಗೆ. ಫೋಟೋಕ್ಕೆ ಹಾರ ಹಾಕಿದ್ದೀರಿ, ಚೆಂದ ಕಾಣುತ್ತದೆ. ಬೆಳಗ್ಗೆಯಿಂದ ಎಲ್ಲರ ಫೋನಿನಲ್ಲೂ ಆ ತಾಯಿಯ ಮುಖವೇ. ಒಳ್ಳೆಯದು. ಆದರೆ ಆ ತಾಯಿ ಬಾಣಂತಿಯರ ಮನೆಗೆ ಹೋಗಿ ಎರೆಯುತ್ತಿದ್ದಳಲ್ಲ, ಈಗ ಯಾರು ಹೋಗುತ್ತಿದ್ದೀರಿ? ಹಾಸಿಗೆ ಹಿಡಿದವರ ಬಟ್ಟೆ ಒಗೆದು ಕೊಡುತ್ತಿದ್ದಳಲ್ಲ, ಅದನ್ನು ಯಾರು ಒಗೆಯುತ್ತಿದ್ದೀರಿ? ಹೇಳಿ! ಕೈ ಎತ್ತಿ ನೋಡೋಣ. ಅಣ್ಣಂದಿರೇ, ನೀವು ಹೆಂಗಸರ ಕಡೆ ನೋಡಬೇಡಿ. ನೀರು ತರುವುದಕ್ಕೆ, ರೋಗಿಯನ್ನು ಎತ್ತಿ ಕೂರಿಸುವುದಕ್ಕೆ ನಿಮಗೂ ಕೈ ಕೊಟ್ಟಿದ್ದಾನೆ ಶಿವ.

ಹಿತ್ತಲಲ್ಲಿ ಬೇರೆ ತಾಟು ಇಟ್ಟಿದ್ದರೆ ಇವತ್ತೇ ಒಳಗೆ ತನ್ನಿ. ದುಃಖದ ಮನೆಗೆ ಹೋದರೆ ಅಂಗಳದಲ್ಲಿ ನಿಂತು ಬರಬೇಡಿ, ಒಳಗೆ ಹೋಗಿ ಏನು ಕೆಲಸ ಅಂತ ಕೇಳಿ. ಮತ್ತೊಂದು. ಮಂಗಳಾರತಿಯಾದ ಮೇಲೆ ಪ್ರಸಾದಕ್ಕೆ ಏಳುವ ಮುಂಚೆ ಪಕ್ಕದಲ್ಲಿ ಕೂತವರನ್ನು ಕೇಳಿ: ನಮ್ಮ ಓಣಿಯಲ್ಲಿ ಬಾಣಂತಿಗೆ, ರೋಗಿಗೆ, ಲಿಂಗೈಕ್ಯರಾದವರಿಗೆ ಎರೆಯುವ ಈ ಕೆಲಸ ಮಾಡುವವರು ಯಾರು? ಹೆಸರು ಸಿಕ್ಕರೆ ನಾಳೆ ಬೆಳಗ್ಗೆ ಅವರ ಮನೆಗೆ ಹೋಗಿ, ಅವರು ಜೀವಂತ ಇರುವಾಗಲೇ ಹೋಗಿ, "ನನಗೂ ಕಲಿಸವಾ" ಅನ್ನಿ. ಹೆಸರು ಸಿಗಲಿಲ್ಲವೋ, ಆ ಕೆಲಸ ನಿಮ್ಮದು.