ಕೊನೇ ಪುಟದ ಟಿಪ್ಪಣಿ

ಪೆನಾಂಗಿನ ಚಿಪ್ ಕಾರ್ಖಾನೆಯೆದುರು ಬಸ್ಸಿಗೆ ಕಾಯುತ್ತ, ನಿದ್ದೆಹೋದ ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ರೊಸ್ನಾಳ ಕಿವಿಗೆ ಮುಂದೆ ನಿಂತಿದ್ದ ಕಾರ್ಖಾನೆಯ ಹೆಂಗಸು ಮತ್ತು ಹುಡುಗನ ಮಾತು ಬಿತ್ತು. ಹುಡುಗನ ಕೈಯಲ್ಲಿ, ಅವನು ಇನ್ನೂ ಕುಡಿಯದ ಪ್ಲಾಸ್ಟಿಕ್ ಚೀಲದ ಚಹಾದಲ್ಲಿ ಐಸ್ ಕರಗುತ್ತಿತ್ತು.

"ನೊರೈನಿ ಅಕ್ಕಾ, ಚಿಪ್ ನಿಂತುಹೋದ್ರೆ ಎಬ್ಬಿಸೋ ಟೈಮರ್ ಒಂದೇ ತಾನೆ? ನೀವು ಜೋಡಿಸಿದ ಕೈಪಿಡೀಲಿ ಒಂದು ಕಡೆ ವಾಚ್‌ಡಾಗ್ ಅಂತಿದೆ, ಇನ್ನೊಂದು ಕಡೆ ಗಾರ್ಡ್ ಅಂತಿದೆ."

"ಒಂದೇ ಕಣೋ ಹಫೀಝುಲ್. ಮೊದಲರ್ಧ ನಮ್ಮವರು ಬರೆದಿದ್ದು, ಉಳಿದದ್ದು ನಾವು ಕೊಂಡ ಕಂಪನಿಯವರದ್ದು. ಹೆಸರು ಬಿಟ್ಟುಕೊಡೋಕೆ ಇಬ್ಬರೂ ತಯಾರಿಲ್ಲ."

"ನಮ್ಮ ಚಿಪ್ ಹಾಕಿ ಉಸಿರಾಟದ ಮೆಷೀನ್ ಮಾಡೋರು ಗಾರ್ಡ್ ಆಫ್ ಮಾಡಿದಾರೆ. ಹೆಂಗೂ ವಾಚ್‌ಡಾಗ್ ಇದೆಯಲ್ಲ ಅಂತ!"

"ಯಾ ಅಲ್ಲಾ! ಹಾಗಾದ್ರೆ ಚಿಪ್ ನಿಂತ್ರೆ ಎಬ್ಬಿಸೋಕೆ ಏನೂ ಇರಲ್ಲ. ಫೋನ್ ಮಾಡಿ ಹೇಳೋ."

"ಹೇಳ್ದೆ. ಬಾಯಿಮಾತು ನಡೆಯಲ್ಲ, ಕೈಪಿಡೀಲಿ ಇದ್ರೆ ಮಾತ್ರ ಬದಲಾಯಿಸ್ತೀವಿ ಅಂತಾರೆ. ನೀವೇ ತಿದ್ದಿಬಿಡಿ."

"ತಿದ್ದೋಕೆ ಎರಡೂ ಕಡೆಯವರ ಸಹಿ ಬೇಕು. ಮೀಟಿಂಗ್ ಮೇಲೆ ಮೀಟಿಂಗ್, ಬರೀ ಜಗಳ."

"ಮೆಷೀನ್ ನಾಳೆ ಆಸ್ಪತ್ರೆಗೆ ಹೋಗುತ್ತೆ, ಅಕ್ಕ."

"ಟಿಪ್ಪಣಿಗೆ ಸಹಿ ಬೇಡ. ಅದಕ್ಕೇ ಎರಡೂ ಒಂದೇ ಅಂತ ಕೊನೇ ಪುಟದಲ್ಲಿ ಹೋದ ತಿಂಗಳೇ ಹಾಕಿದೀನಿ."

"ಹಾಗಾದ್ರೆ ಅವರು ಓದಿರಬೇಕಲ್ಲ!"

"ನೀನು ಓದಿದ್ಯಾ?"

ಬಸ್ಸು ಬಂತು. ಹುಡುಗ ಫೋನಿನಲ್ಲಿ ಕೈಪಿಡಿಯ ಕೊನೇ ಪುಟ ಹುಡುಕುತ್ತ ಹತ್ತಿದ. ರೊಸ್ನಾ ಮಗಳ ಬೆನ್ನಿನ ಮೇಲೆ ಕೈಯಿಟ್ಟು, ಅವಳ ಉಸಿರು ಏರಿಳಿಯುವುದನ್ನು ನೋಡುತ್ತ ನಿಂತಳು.