ಕೆಂಪು ಪಟ್ಟಿಯ ಗಿಡಗಳು

ಗೋಣಿಬೀಡಿನಲ್ಲಿ ಮೂಡಿಗೆರೆ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಒಬ್ಬ ಹುಡುಗಿ. ಅವಳನ್ನು ಬಸ್ಸಿಗೆ ಬಿಡಲು ಬಂದಿದ್ದ, ಕಾಫಿ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಕೂರದೆ ನಿಂತೇ ಇದ್ದರು.

“ನಾನು ಹದಿನೈದು ದಿನ ಲ್ಯಾಬಿಗೆ ಹೋಗಿದ್ದೆ ಅಷ್ಟೇ. ಅಷ್ಟ್ರಲ್ಲಿ ನನ್ನ ಗಿಡ ಎಲ್ಲಾ ಕಿತ್ತುಬಿಟ್ರಾ, ರೈಟ್ರೇ?”

“ಕಾಂಡ ಕೊರೆಯೋ ಬೋರರ್ ಹುಳ ಹೊಕ್ಕ ಕಾಫಿ ಗಿಡಕ್ಕೆ ನಮ್ಮಲ್ಲಿ ಕೆಂಪು ಪಟ್ಟಿ ಕಟ್ಟೋದು, ಗಾನಶ್ರೀಯವ್ರೇ. ಪಟ್ಟಿ ಕಂಡ್ರೆ ಕಿತ್ತು ಸುಡ್ತಾರೆ.”

“ನಾನು ಕಟ್ಟಿದ್ದು ಹುಳ ಮುಟ್ಟದೇ ಇರೋ ಗಿಡಕ್ಕೆ. ಅದ್ಯಾಕೆ ಮುಟ್ಟಲ್ಲ ಅಂತ್ಲೇ ಮೂರು ವರ್ಷದಿಂದ ನೋಡ್ತಿದ್ದೆ.”

“ಮೊದ್ಲು ಬಿಳಿ ದಾರ ಇತ್ತಲ್ಲ?”

“ಮಳೇಲಿ ಕಾಣಲ್ಲ ಅಂತ ಈ ಸಲ ಕೆಂಪು ತಂದೆ.”



“ಗಿಡ ಚೆನ್ನಾಗೇ ಇದ್ಯಲ್ಲ ಅಂತ ಕೀಳೋಕೆ ಹೋದ ಆಳು ಪಾಪಮ್ಮ ಕೇಳಿದ್ಲು. ಮೇಸ್ತ್ರಿ ಕಟ್ಟಿರ್ತಾನೆ, ಕೀಳಿ ಅಂತ ನಾನೇ ಅಂದೆ.”

“ಹೋಗ್ಲಿ ಬಿಡಿ.”

“ನಿಮ್ ಪಿಎಚ್.ಡಿ. ಗೈಡ್ ಏನಂದ್ರು?”

“ಬೇರೆ ಗಿಡ ಹುಡುಕು ಅಂದ್ರು. ಮತ್ತೆ ಮೂರು ವರ್ಷ.”

“ಒಂದು ಉಳಿದಿದೆ. ಬೇಲಿ ಪಕ್ಕ. ಬುಡದಲ್ಲಿ ನಿಮ್ಮ ನಂಬರಿನ ತಗಡು ಇದೆ.”

“ಅದೊಂದನ್ನ ಯಾಕೆ ಬಿಟ್ರು?”

“ಪಟ್ಟಿ ಬಿದ್ದೋಗಿತ್ತು.”

ಬಸ್ಸು ಬಂತು. ಹುಡುಗಿ ಎದ್ದು ಚೀಲ ಹೆಗಲಿಗೇರಿಸಿದಳು.

“ಅದಕ್ಕೆ ಬಿಳೀದೇ ಕಟ್ಟಿಸ್ಲಾ?” ರೈಟರ್ ಹಿಂದಿನಿಂದ ಕೇಳಿದರು.

“ಏನೂ ಕಟ್ಟಬೇಡಿ ಮಾರಾಯ್ರೇ,” ಎಂದು ಅವಳು ಬಸ್ಸು ಹತ್ತಿದಳು.