ಭಾವ ಹಾಕಿದ ಕಬ್ಬಿಣದ ಗುಡ್ಡೆ

ಮೂಳೆ ಡಾಕ್ಟರ ಕೋಣೆಯ ಹೊರಗೆ ದರ್ಜಿಯೊಬ್ಬ ಸರದಿಗಾಗಿ ಕಾಯುತ್ತಿದ್ದ. ಕತ್ತು ತಿರುಗುತ್ತಿರಲಿಲ್ಲ, ಕಿವಿಗೇನೂ ಆಗಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಅಕ್ಕ ತಮ್ಮ ಕೂತಿದ್ದರು.

“ನಿಮ್ಮ ಎಣ್ಣೆ ಹುಡುಕೋ ವಿಮಾನದಲ್ಲಿ ಅಯಸ್ಕಾಂತ ಇದೆ ಅಂತ ನಿನ್ನ ಭಾವಂಗೆ ಹೇಳಿದೋನು ನೀನೇ ತಾನೆ?”

“ಅಯಸ್ಕಾಂತ ಅಲ್ಲಕ್ಕ. ನೆಲದಡಿ ಬಂಡೆಯ ಕಾಂತಶಕ್ತಿ ಅಳೆಯೋ ಯಂತ್ರ. ಎಣ್ಣೆ ಎಲ್ಲಿರಬಹುದು ಅಂತ ಅಂದಾಜು ಮಾಡೋಕೆ.”

“ವಿಮಾನನ ನಮ್ಮ ಕಡೆ ಸೆಳೀಬೇಕು ಅಂತ ಅವರು ಮನೇಲಿದ್ದ ಕಬ್ಬಿಣನೆಲ್ಲ ಹೊಲದಲ್ಲಿ ಗುಡ್ಡೆ ಹಾಕಿದ್ರು.”

“ಅಯ್ಯೋ, ಅದು ನಿಮ್ದಾ? ಅಳತೆ ಕೆಡ್ತು ಅಂತಾನೇ ನಾವು ಎರಡನೇ ಸಲ ಹಾರಿದ್ದು!”

“ಎರಡು ಸಲ ಬಂತು, ಎಣ್ಣೆ ಗ್ಯಾರಂಟಿ ಅಂತ ಇವತ್ತು ಬೆಳಿಗ್ಗೆ ಕೆಲಸಕ್ಕೇ ರಾಜೀನಾಮೆ ಕೊಟ್ರು. ಕೂಸು ಹುಟ್ಟೋ ಮುಂಚೆ ಕುಲಾವಿ! ಮೂರನೇ ಸಲಕ್ಕೆ ಅಂತ ಕಬ್ಬಿಣದ ಮಂಚ ಎಳೆಯೋಕೆ ಹೋಗಿ ಕಾಲ್ಮೇಲೆ ಹಾಕ್ಕೊಂಡ್ರು.”

“ಕಬ್ಬಿಣ ಕಂಡ್ರೆ ಯಂತ್ರ ಕುಣಿಯುತ್ತೆ, ಅದು ಸುಮ್ಮನಿದ್ರೇನೇ ನಮಗೆ ಆಸೆ ಅಕ್ಕ. ಗಟ್ಟಿ ಬಂಡೆ ಆಳದಲ್ಲಿದೆ, ಮೇಲಿನ ಹೂಳಿನ ಪದರ ದಪ್ಪ ಇದೆ ಅಂತ ಅರ್ಥ. ಎಣ್ಣೆ ಇದ್ರೆ ಅಂಥಾ ಪದರದಲ್ಲೇ.”

“ಓಹೋ, ಭೂಮೀನೂ ಸುಮ್ಮನಿರೋರಿಗೇ ಕೊಡೋದು. ನಮ್ಮನೇಲಿ ಆ ಅಭ್ಯಾಸವೇ ಇಲ್ಲ.”

ಬಾಗಿಲು ತೆರೆಯಿತು. ಪಟ್ಟಿ ಸುತ್ತಿದ ಕಾಲೆಳೆಯುತ್ತ ಭಾವ ಹೊರಬಂದರು; ಮುಖ ಮಾತ್ರ ಊರಗಲ.

“ಏನಪ್ಪಾ, ವಿಮಾನ ಇನ್ನೊಂದ್ಸಲ ಬರುತ್ತಾ?”

“ಕಬ್ಬಿಣ ತೆಗೆದ್ರೆ ಬರುತ್ತೆ ಭಾವ.”

“ತೆಗೆಯೋದಾ? ಪಕ್ಕದವರ ಟ್ರ್ಯಾಕ್ಟರನ್ನೂ ತಂದು ನಿಲ್ಲಿಸಿದೀನಲ್ಲೋ!”

ಅಕ್ಕ ಎದ್ದು ಗಂಡನ ತೋಳು ಹಿಡಿದಳು.

“ನಡೀರಿ, ಆಫೀಸು ಮುಚ್ಚೋದ್ರೊಳಗೆ ಆ ರಾಜೀನಾಮೆ ವಾಪಸ್ ಕೇಳೋಣ. ಅಲ್ಲಾದ್ರೂ ಸುಮ್ಮನಿರಿ, ಏನಾದ್ರೂ ಸಿಕ್ಕೀತು.”